ಅಳತೆಯನ್ನು ಅಳೆಯುವವರು: ಔಷಧ ಕಾರ್ಖಾನೆಯ ಒತ್ತಡ ಮಾಪಕದ ಚರಿತ್ರೆ



ಬಿಳಿಚೋಡು ಹೋಬಳಿಯ ಯಾವ ಹಳ್ಳಿಯಲ್ಲಾದರೂ ಸರಿ, ಮನೆಯಲ್ಲಿ ಒಬ್ಬರಿಗೆ ವಾಂತಿ-ಭೇದಿಯಾಗಿ ಸುಸ್ತಾದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, "ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ" ಎಂಬುದು. ಬಾಟಲಿಯನ್ನು ಕಂಬಿಗೆ ತೂಗುಹಾಕುತ್ತಾರೆ, ಕೈಗೆ ಸೂಜಿ ಚುಚ್ಚುತ್ತಾರೆ, ದ್ರಾವಣ ಹನಿಹನಿಯಾಗಿ ಇಳಿಯುತ್ತದೆ. ನಾವು ಗುಳಿಗೆ ನುಂಗಿದರೆ ಹೊಟ್ಟೆಯ ಆಮ್ಲ, ಕರುಳಿನ ಗೋಡೆ ಎಂದು ದೇಹದೊಳಗೆ ಕೆಲವು ಕಾವಲುಗಳಿವೆ. ರಕ್ತನಾಳಕ್ಕೆ ನೇರವಾಗಿ ಸೇರುವ ದ್ರಾವಣಕ್ಕೆ ಅಂಥ ಕಾವಲಿಲ್ಲ. ಅದರಲ್ಲಿ ರೋಗಾಣು ಸೇರಿದ್ದರೆ ಅದೂ ನೇರವಾಗಿ ರಕ್ತಕ್ಕೇ ಇಳಿಯುತ್ತದೆ.

2024ರ ನವೆಂಬರ್‌ನಲ್ಲಿ ನಮ್ಮ ನೆರೆಯ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಶಸ್ತ್ರಚಿಕಿತ್ಸೆಯಾದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರಂತೆ ಮೃತಪಟ್ಟದ್ದು ನಿಮಗೆ ನೆನಪಿರಬಹುದು. ಆಗ ಅವರಿಗೆ ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು, ರಾಜ್ಯ ಸರ್ಕಾರ ಆ ತಯಾರಕರ ದ್ರಾವಣದ ಬಳಕೆಯನ್ನು ತಡೆಹಿಡಿಯಿತು. ಆ ಸಾವುಗಳಿಗೆ ಇಂಥದೇ ಉಪಕರಣ ಕಾರಣವೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬಾಟಲಿಯ ಮೇಲೆ ಬರೆದ "ಸ್ಟೆರೈಲ್" ಎಂಬ ಒಂದು ಪದವನ್ನು ನಂಬಿ ನಾವು ಕೈಚಾಚುತ್ತೇವೆ ಎಂಬುದನ್ನು ಆ ಘಟನೆ ನಮ್ಮ ಜಿಲ್ಲೆಗಳಿಗೆಲ್ಲ ನೆನಪಿಸಿತು. ಆ ಪದದ ಹಿಂದೆ ಒಂದು ಕೋಣೆಯಿದೆ. ಆ ಕೋಣೆಯ ಗೋಡೆಯ ಮೇಲೆ ಒಂದು ಮೀಟರ್ ಇದೆ. ಆ ಮೀಟರ್ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸುವ ಒಬ್ಬ ವ್ಯಕ್ತಿಯೂ ಇದ್ದಾನೆ. ಈ ಮೂವರ ಚರಿತ್ರೆಯನ್ನು ನಿಮ್ಮ ಮುಂದಿಡುವುದು ಇಲ್ಲಿನ ಪ್ರಯತ್ನ.

ಸೇರು, ಬಳ್ಳ ಮತ್ತು ಮುದ್ರೆ

ಅಳತೆಯ ಮೇಲಿನ ಅನುಮಾನ ಹೊಸದಲ್ಲ. ಜಗಳೂರು ತಾಲ್ಲೂಕಿನ ರೈತ ಮೆಕ್ಕೆಜೋಳವನ್ನೋ ಈರುಳ್ಳಿಯನ್ನೋ ದಾವಣಗೆರೆ ಮಾರುಕಟ್ಟೆಗೆ ಒಯ್ದಾಗ ಅವನ ಕಣ್ಣು ಮೊದಲು ಹೋಗುವುದು ತಕ್ಕಡಿಯ ಕಡೆಗೆ. ಬೆಲೆ ಎಷ್ಟೇ ಚೆನ್ನಾಗಿರಲಿ, ತೂಕದಲ್ಲಿ ಮೋಸವಾದರೆ ಬೆಳೆದದ್ದೆಲ್ಲ ನಷ್ಟ. ಹಿಂದೆ ನಮ್ಮಲ್ಲಿ ಸೇರು, ಪಾವು, ಬಳ್ಳ, ಕೊಳಗಗಳಿದ್ದವು. ಒಂದು ಊರಿನ ಸೇರಿಗೂ ಇನ್ನೊಂದು ಊರಿನ ಸೇರಿಗೂ ವ್ಯತ್ಯಾಸವಿರುತ್ತಿತ್ತು. ಭೂಮಿಯ ಅಳತೆಗೆ ಗಳೆ ಎಂಬ ಕೋಲಿತ್ತು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಸೀಮೆಯಲ್ಲಿ ಭೇರುಂಡ ಗಳೆ ಎಂಬ ಅಳತೆಗೋಲು ಬಳಕೆಯಲ್ಲಿದ್ದುದು ಶಾಸನಗಳಿಂದ ತಿಳಿಯುತ್ತದೆ. ಅಳತೆಗೋಲಿಗೆ ಹೆಸರಿಡಬೇಕಾಯಿತೆಂದರೆ, ಯಾರ ಕೋಲಿನಿಂದ ಅಳೆದದ್ದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು ಎಂದೇ ಅರ್ಥ.

ಮರ್ವ್ ನಗರದ ವಿದ್ವಾಂಸ ಅಲ್-ಖಾಜಿನಿ ಅವರು 1121-22ರ ಸುಮಾರಿಗೆ "ಮೀಜಾನುಲ್ ಹಿಕ್ಮ" ಎಂಬ ಗ್ರಂಥವನ್ನು ಬರೆದರು. ಅದರ ವಿಷಯವೇ ತಕ್ಕಡಿ. ವಸ್ತುವನ್ನು ನೀರಿನಲ್ಲಿ ತೂಗಿದರೆ ತೂಕ ಕಡಿಮೆಯಾಗುವಂತೆ ಗಾಳಿಯಲ್ಲಿ ತೂಗಿದಾಗಲೂ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನು ಅವರು ಗಮನಿಸಿದ್ದರು. ಅಂದರೆ ತೂಗುವ ಸಾಧನದ ಮೇಲೆ ಸುತ್ತಲಿನ ಗಾಳಿಯೂ ಪ್ರಭಾವ ಬೀರುತ್ತದೆ. ನಮ್ಮ ಕಥೆಗೆ ಇದು ಮುಖ್ಯವಾದ ಮಾತು.

ಸ್ವತಂತ್ರ ಭಾರತ 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆಯನ್ನು ತಂದಿತು. 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದಿತು. ಸೇರು ಹೋಗಿ ಕಿಲೋ ಬಂದಿತು. ಅಂಗಡಿಯ ಬಟ್ಟನ್ನು ನಿಗದಿತ ಅವಧಿಗೊಮ್ಮೆ ಇಲಾಖೆಯವರ ಮುಂದಿಟ್ಟು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿಕೊಳ್ಳಬೇಕೆಂಬ ನಿಯಮ ಇಂದಿಗೂ ಇದೆ. 2011ರ ಏಪ್ರಿಲ್ 1ರಿಂದ ಇದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಅಡಿಯಲ್ಲಿ ನಡೆಯುತ್ತಿದೆ. ಬಟ್ಟಿನ ಮೇಲಿನ ಆ ಪುಟ್ಟ ಮುದ್ರೆಗೂ ಔಷಧ ಕಾರ್ಖಾನೆಯ ಮೀಟರಿನ ಮೇಲೆ ಅಂಟಿಸಿರುವ ಕ್ಯಾಲಿಬ್ರೇಷನ್ ಚೀಟಿಗೂ ಅರ್ಥ ಒಂದೇ: ಈ ಸಾಧನವನ್ನು ಇದಕ್ಕಿಂತ ಹೆಚ್ಚು ನಂಬಿಕೆಯ ಇನ್ನೊಂದು ಸಾಧನದೊಂದಿಗೆ ಹೋಲಿಸಿ ನೋಡಲಾಗಿದೆ.

ಗಾಳಿಯ ತೂಕ ಕಂಡದ್ದು ಹೇಗೆ?

ಗಾಳಿಗೆ ಒತ್ತಡವಿದೆ ಎಂಬುದನ್ನು ಕಣ್ಣಿಗೆ ಕಾಣುವಂತೆ ತೋರಿಸಿದವರು ಇಟಲಿಯ ತೊರಿಚೆಲ್ಲಿ. 1643-44ರಲ್ಲಿ ಪಾದರಸ ತುಂಬಿದ ಗಾಜಿನ ನಳಿಗೆಯನ್ನು ಪಾದರಸದ ಬಟ್ಟಲಿನಲ್ಲಿ ಬೋರಲು ಹಾಕಿದಾಗ ಪಾದರಸ ಪೂರ್ತಿ ಇಳಿಯದೆ ಸುಮಾರು 76 ಸೆಂಟಿಮೀಟರ್ ಎತ್ತರದಲ್ಲಿ ನಿಂತಿತು. ಅದನ್ನು ಎತ್ತಿ ಹಿಡಿದದ್ದು ಹೊರಗಿನ ಗಾಳಿಯ ಒತ್ತಡ. ಹಾಗಾದರೆ ಬೆಟ್ಟದ ಮೇಲೆ ಗಾಳಿ ಕಡಿಮೆ, ಪಾದರಸವೂ ಕೆಳಗಿಳಿಯಬೇಕಲ್ಲವೇ ಎಂದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಯೋಚಿಸಿದರು. 1648ರ ಸೆಪ್ಟೆಂಬರ್ 19ರಂದು ಅವರ ಭಾವ ಫ್ಲೋರಿನ್ ಪೆರಿಯೆ ಇಂಥ ನಳಿಗೆಯನ್ನು ಪ್ಯುಯ್ ದ ದೋಮ್ ಬೆಟ್ಟದ ಮೇಲಕ್ಕೆ ಹೊತ್ತೊಯ್ದರು. ಪಾದರಸ ನಿರೀಕ್ಷೆಯಂತೆಯೇ ಕೆಳಗಿಳಿಯಿತು. ಇನ್ನೊಂದು ನಳಿಗೆಯನ್ನು ಬೆಟ್ಟದ ಬುಡದಲ್ಲೇ ಬಿಟ್ಟು, ದಿನವಿಡೀ ಅದರ ಮೇಲೆ ಕಣ್ಣಿಡಲು ಒಬ್ಬರನ್ನು ನೇಮಿಸಿದ್ದರು. ಮೇಲಿನ ನಳಿಗೆಯಲ್ಲಿ ಕಂಡ ಬದಲಾವಣೆ ಎತ್ತರದಿಂದಲೇ ಆದದ್ದು, ಹವೆಯ ಏರುಪೇರಿನಿಂದಲ್ಲ ಎಂದು ಹೇಳಲು ಆ ಕೆಳಗಿನ ನಳಿಗೆಯೇ ಸಾಕ್ಷಿ. ಹೋಲಿಸಿ ನೋಡುವ ಈ ಶಿಸ್ತೇ ಕ್ಯಾಲಿಬ್ರೇಷನ್ನಿನ ತಾಯಿಬೇರು.

1971ರಲ್ಲಿ ಅಂತರರಾಷ್ಟ್ರೀಯ ತೂಕ-ಅಳತೆಗಳ ಮಹಾಸಭೆ ಒತ್ತಡದ ಮಾನಕ್ಕೆ ಪ್ಯಾಸ್ಕಲ್ ಎಂಬ ಹೆಸರನ್ನು ಒಪ್ಪಿತು. ಈ ಮಾನ ಬಹಳ ಚಿಕ್ಕದು. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1,01,325 ಪ್ಯಾಸ್ಕಲ್. ಸುಮಾರು 600 ಮೀಟರ್ ಎತ್ತರದಲ್ಲಿರುವ ನಮ್ಮ ದಾವಣಗೆರೆಯ ಬಯಲಿನಲ್ಲಿ ಅದು ಸುಮಾರು 94,000 ಪ್ಯಾಸ್ಕಲ್. ಒಂದು ಮೀಟರ್ ಮೇಲೇರಿದರೆ ಇಲ್ಲಿ ಒತ್ತಡ ಸುಮಾರು 11 ಪ್ಯಾಸ್ಕಲ್ ಇಳಿಯುತ್ತದೆ.

ಈಗ ಒಂದು ಸಂಖ್ಯೆಯನ್ನು ನೆನಪಿನಲ್ಲಿಡಿ: 15 ಪ್ಯಾಸ್ಕಲ್. ಚುಚ್ಚುಮದ್ದು ತಯಾರಿಸುವ ಕಾರ್ಖಾನೆಯಲ್ಲಿ ಹೆಚ್ಚು ಶುದ್ಧವಾದ ಕೋಣೆಗೂ ಅದರ ಪಕ್ಕದ ಕಡಿಮೆ ಶುದ್ಧ ಕೋಣೆಗೂ ಇರಬೇಕಾದ ಕನಿಷ್ಠ ಒತ್ತಡ ವ್ಯತ್ಯಾಸವೆಂದು ಭಾರತದ ನಿಯಮ 2001ರಲ್ಲಿ ಹೇಳಿದ ಸಂಖ್ಯೆ ಇದು. ನೀರಿನ ಲೆಕ್ಕದಲ್ಲಿ ಕೇವಲ ಒಂದೂವರೆ ಮಿಲಿಮೀಟರ್ ಎತ್ತರ. ಎಂಟು-ಒಂಬತ್ತು ವರ್ಷದ ಮಗುವಿನ ಪಾದಕ್ಕೂ ನೆತ್ತಿಗೂ ಇರುವ ಗಾಳಿಯ ಒತ್ತಡದ ಅಂತರ ಹೆಚ್ಚುಕಡಿಮೆ ಇಷ್ಟೇ. ಒಟ್ಟು ಒತ್ತಡದ ಆರು ಸಾವಿರದಲ್ಲಿ ಒಂದು ಪಾಲು. ನಮ್ಮ ಸೀಮೆಯಲ್ಲಿ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಡುವೆ ಗಾಳಿಯ ಒತ್ತಡ ತಾನಾಗಿಯೇ ನೂರಾರು ಪ್ಯಾಸ್ಕಲ್ ಇಳಿಯುತ್ತದೆ. ಆದ್ದರಿಂದ ಎರಡು ಕೋಣೆಗಳಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಒತ್ತಡ ಅಳೆದು ಕಳೆದರೆ ಪ್ರಯೋಜನವಿಲ್ಲ. ಒಂದೇ ಮೀಟರಿಗೆ ಎರಡೂ ಕೋಣೆಗಳಿಂದ ನಳಿಗೆ ತಂದು, ವ್ಯತ್ಯಾಸವನ್ನೇ ನೇರವಾಗಿ ಅಳೆಯಬೇಕು.

ಶುದ್ಧ ಕೋಣೆ ಹುಟ್ಟಿದ ಬಗೆ

ಶುದ್ಧ ಕೋಣೆ, ಅಂದರೆ ಕ್ಲೀನ್‌ರೂಮ್, ಮೊದಲು ಬೇಕಾದದ್ದು ಔಷಧಕ್ಕಲ್ಲ. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಶೋಧಕಗಳು 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯ ಅಗತ್ಯದಿಂದ ಬೆಳೆದುಬಂದವು. ಅಮೆರಿಕದ ಸಾಂಡಿಯಾ ಪ್ರಯೋಗಾಲಯದ ಭೌತವಿಜ್ಞಾನಿ ವಿಲ್ಲಿಸ್ ವಿಟ್‌ಫೀಲ್ಡ್ 1960ರ ದಶಕದ ಆರಂಭದಲ್ಲಿ ಒಂದು ಸರಳ ಉಪಾಯ ಹೂಡಿದರು. ಕೋಣೆಯನ್ನು ಎಷ್ಟು ಗುಡಿಸಿದರೂ ಒರೆಸಿದರೂ ಒಳಗಿರುವ ಮನುಷ್ಯನ ಮೈಯಿಂದಲೇ ಧೂಳು ಉದುರುತ್ತದೆ. ಹಾಗಾದರೆ ಶೋಧಿಸಿದ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ನಿರಂತರವಾಗಿ ಹರಿಸಿ, ಆ ಗಾಳಿಯೇ ಕೋಣೆಯನ್ನು ಗುಡಿಸುವಂತೆ ಮಾಡಿದರೆ? ಈ ವಿಧಾನ 1962ರಲ್ಲಿ ಜಗತ್ತಿಗೆ ತಿಳಿಯಿತು. 1963ರಲ್ಲಿ ಅಮೆರಿಕ ಫೆಡರಲ್ ಸ್ಟ್ಯಾಂಡರ್ಡ್ 209 ಎಂಬ ಮಾನಕವನ್ನು ಹೊರಡಿಸಿತು. 1999ರಲ್ಲಿ ಐಎಸ್‌ಒ 14644ರ ಮೊದಲ ಭಾಗ ಬಂದ ಮೇಲೆ, 2001ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

ಕೋಣೆಯೊಳಗೆ ಶುದ್ಧ ಗಾಳಿ ತುಂಬಿದರೆ ಸಾಲದು, ಹೊರಗಿನ ಗಾಳಿ ಒಳಗೆ ನುಗ್ಗಬಾರದು. ಇದಕ್ಕೆ ಒತ್ತಡವೇ ಬಾಗಿಲ ಕಾವಲುಗಾರ. ಕೋಣೆಗೆ ಬಿಡುವ ಗಾಳಿ ಹೊರತೆಗೆಯುವ ಗಾಳಿಗಿಂತ ಸ್ವಲ್ಪ ಹೆಚ್ಚಿದ್ದರೆ ಒಳಗಿನ ಒತ್ತಡ ಏರುತ್ತದೆ. ಆಗ ಬಾಗಿಲ ಸಂದಿಯಲ್ಲಿ ಗಾಳಿ ಒಳಗಿನಿಂದ ಹೊರಗೆ ನುಗ್ಗುತ್ತದೆಯೇ ಹೊರತು ಹೊರಗಿನದು ಒಳಬರುವುದಿಲ್ಲ. 15 ಪ್ಯಾಸ್ಕಲ್ ವ್ಯತ್ಯಾಸವಿದ್ದರೆ ಸಂದಿಯಲ್ಲಿ ಗಾಳಿಯ ವೇಗ, ಲೆಕ್ಕದ ಪ್ರಕಾರ, ಸೆಕೆಂಡಿಗೆ ಸುಮಾರು 5 ಮೀಟರ್. ಜೋರಾಗಿ ತುಳಿದ ಸೈಕಲ್ಲಿನ ವೇಗ. ಎರಡು ಚದರ ಮೀಟರಿನ ಬಾಗಿಲ ಮೇಲೆ ಅದೇ ಒತ್ತಡ ಮೂರು ಕಿಲೋ ತೂಕದಷ್ಟು ಬಲ ಹಾಕುತ್ತದೆ. ಅಳತೆಯಲ್ಲಿ ಅತ್ಯಲ್ಪ, ಕೆಲಸದಲ್ಲಿ ದೊಡ್ಡದು.

ಔಷಧ ಕಾರ್ಖಾನೆಯಲ್ಲಿ ಕೋಣೆಗಳನ್ನು ಮೆಟ್ಟಿಲಿನಂತೆ ಜೋಡಿಸುತ್ತಾರೆ. ಬಾಟಲಿ ತುಂಬುವ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಒತ್ತಡ, ಅದರ ಹೊರಗಿನ ಕೋಣೆಯಲ್ಲಿ ಕಡಿಮೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಇನ್ನೂ ಕಡಿಮೆ. ಕೆರೆಯ ಕೋಡಿ ಬಿದ್ದಾಗ ನೀರು ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹರಿಯುವ ಹಾಗೆ ಗಾಳಿ ಶುದ್ಧ ಕಡೆಯಿಂದ ಅಶುದ್ಧ ಕಡೆಗೇ ಹರಿಯುತ್ತಿರಬೇಕು.

ಡೆವನ್‌ಪೋರ್ಟ್ ಕಲಿಸಿದ ಪಾಠ

ಉಪಕರಣವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಕ್ಷೇಮವಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ಒಂದು ಘಟನೆ ದೊಡ್ಡ ಸಾಕ್ಷಿ. ಇದು ಶುದ್ಧ ಕೋಣೆಯ ಮೀಟರಿನ ಕಥೆಯಲ್ಲ, ಬಾಟಲಿಗಳನ್ನು ಹಬೆಯಲ್ಲಿ ಬೇಯಿಸಿ ರೋಗಾಣುಮುಕ್ತಗೊಳಿಸುವ ಆಟೋಕ್ಲೇವ್ ಎಂಬ ಯಂತ್ರದ ಕಥೆ. ಆದರೂ ಒತ್ತಡ ಮಾಪಕದ ಚರಿತ್ರೆಯಲ್ಲಿ ಇದನ್ನು ಬಿಡುವಂತಿಲ್ಲ.

1971ರ ಏಪ್ರಿಲ್‌ನಲ್ಲಿ ತಯಾರಾದ ಡೆಕ್ಸ್‌ಟ್ರೋಸ್ ದ್ರಾವಣದ ಒಂದು ತಂಡ 1972ರ ಮಾರ್ಚ್‌ನಲ್ಲಿ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಬಳಕೆಯಾಯಿತು. ದ್ರಾವಣದಲ್ಲಿ ರೋಗಾಣುಗಳಿದ್ದವು. ಐವರು ರೋಗಿಗಳ ಸಾವಿನೊಂದಿಗೆ ಆ ದ್ರಾವಣದ ಹೆಸರು ತಳಕು ಹಾಕಿಕೊಂಡಿತು. ತನಿಖೆಗೆಂದು ನೇಮಕವಾದ ಕ್ಲೋದಿಯರ್ ಸಮಿತಿ ಅದೇ ವರ್ಷ ವರದಿ ಕೊಟ್ಟಿತು. ಆಟೋಕ್ಲೇವಿನೊಳಗಿನ ಗಾಳಿ ಪೂರ್ತಿ ಹೊರಹೋಗದೆ ಕೆಳಭಾಗದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಹಬೆಯ ಜೊತೆ ಗಾಳಿ ಬೆರೆತರೆ ಒತ್ತಡ ಸರಿಯಾಗಿಯೇ ಕಾಣುತ್ತದೆ, ಆದರೆ ಶಾಖ ಬೇಕಾದಷ್ಟು ಏರುವುದಿಲ್ಲ. ಹೀಗಾಗಿ ಕೆಳಗಿನ ಬಾಟಲಿಗಳು ಬೇಯಲೇ ಇಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, ಯಂತ್ರಕ್ಕೆ ಜೋಡಿಸಿದ್ದ ತಾಪಮಾನ ದಾಖಲೆಯ ಉಪಕರಣ ನಿಜವನ್ನೇ ಹೇಳುತ್ತಿತ್ತು. ಶಾಖ ಏರಿಲ್ಲ ಎಂದು ಅದು ಕಾಗದದ ಮೇಲೆ ಬರೆದು ತೋರಿಸಿತು. ಕೆಲಸಗಾರರು ಆ ಉಪಕರಣವೇ ಕೆಟ್ಟಿದೆ ಎಂದುಕೊಂಡು, ಸರಿಯಾಗಿ ಕಾಣುತ್ತಿದ್ದ ಒತ್ತಡ ಮಾಪಕವನ್ನು ನಂಬಿ ಮುಂದುವರಿದರು. ಓದುಗರೇ, ಸುಳ್ಳು ಹೇಳುವ ಮೀಟರಿನಷ್ಟೇ ಅಪಾಯಕಾರಿ, ಯಾರೂ ನಂಬದ ಮೀಟರ್. ಎರಡಕ್ಕೂ ಮದ್ದು ಒಂದೇ: ಉಪಕರಣವನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಅದು ಎಷ್ಟು ನಂಬಲರ್ಹ ಎಂದು ಬರೆದಿಡುವುದು. ಕಳೆದ ವಾರ ಪರೀಕ್ಷೆಯಾದ ಮೀಟರ್ ಎಂದು ಗೊತ್ತಿದ್ದರೆ, ಅದು ಅನಿರೀಕ್ಷಿತವಾದದ್ದನ್ನು ತೋರಿಸಿದಾಗ ಮನುಷ್ಯ ಯಂತ್ರವನ್ನು ನಿಲ್ಲಿಸುತ್ತಾನೆ. ಗೊತ್ತಿಲ್ಲದಿದ್ದರೆ ಮೀಟರನ್ನೇ ಬೈಯುತ್ತಾನೆ.

ಪೀಣ್ಯದ ಶೆಡ್ಡುಗಳು

ಈಗ ನಮ್ಮ ರಾಜ್ಯಕ್ಕೆ ಬರೋಣ. ಕರ್ನಾಟಕದಲ್ಲಿ ಶುದ್ಧ ಕೋಣೆಯ ಚರಿತ್ರೆ ಹುಡುಕಿದರೆ ಬೆಂಗಳೂರಿನ ಪೀಣ್ಯದ ಹೆಸರು ಮತ್ತೆ ಮತ್ತೆ ಬರುತ್ತದೆ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು 1970ರ ದಶಕದಲ್ಲಿ ಪೀಣ್ಯದ ಸಾಧಾರಣ ಕೈಗಾರಿಕಾ ಶೆಡ್ಡುಗಳಲ್ಲಿ. ಅಂಥ ಶೆಡ್ಡಿನೊಳಗೇ ಧೂಳಿಲ್ಲದ ಕೋಣೆಯನ್ನು ಕಟ್ಟಿಕೊಂಡು ಕೆಲಸ ಮಾಡಿದರು. 1975ರ ಏಪ್ರಿಲ್ 19ರಂದು ಆರ್ಯಭಟ ಆಕಾಶಕ್ಕೇರಿತು.

ಅದೇ ಪೀಣ್ಯದಲ್ಲಿ ಕೆಲವೇ ವರ್ಷಗಳ ನಂತರ ಇನ್ನೊಂದು ಬಗೆಯ ಶುದ್ಧ ಕೋಣೆ ಬಂದಿತು. ಪುಣೆ ಬಳಿಯ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಮತ್ತು ಕರ್ನಾಟಕ ಸರ್ಕಾರದ ಕೈಗಾರಿಕಾ ಹೂಡಿಕೆ ನಿಗಮ ಸೇರಿ 1981ರಲ್ಲಿ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. 1984ರಲ್ಲಿ ಉತ್ಪಾದನೆ ಆರಂಭವಾಯಿತು. ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಪೆನಿಸಿಲಿನ್ ವರ್ಗದ ಚುಚ್ಚುಮದ್ದುಗಳು ಇಲ್ಲಿಂದ ಹೊರಟವು.

ಉಪಗ್ರಹದ ಕೋಣೆಗೂ ಪೆನಿಸಿಲಿನ್ ಕೋಣೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಉಪಗ್ರಹಕ್ಕೆ ಹೊರಗಿನ ಧೂಳು ಒಳಬರದಿದ್ದರೆ ಸಾಕು. ಪೆನಿಸಿಲಿನ್ ವಿಷಯದಲ್ಲಿ ಎರಡು ದಿಕ್ಕಿನ ಭಯ. ಹೊರಗಿನ ರೋಗಾಣು ಒಳಬಂದು ಔಷಧವನ್ನು ಸೇರಬಾರದು. ಒಳಗಿನ ಪೆನಿಸಿಲಿನ್ ಪುಡಿ ಹೊರಹೋಗಿ ಬೇರೆ ಔಷಧಕ್ಕೆ ಬೆರೆಯಲೂಬಾರದು, ಏಕೆಂದರೆ ಪೆನಿಸಿಲಿನ್ ಒಗ್ಗದ ರೋಗಿಗೆ ಅದರ ಕಣಮಾತ್ರವೂ ಪ್ರಾಣಾಪಾಯ ತರಬಲ್ಲದು. ಅದಕ್ಕಾಗಿ ಇಂಥ ಔಷಧಕ್ಕೆ ಪ್ರತ್ಯೇಕ ಕಟ್ಟಡ, ಪ್ರತ್ಯೇಕ ಗಾಳಿ ವ್ಯವಸ್ಥೆ ಬೇಕು. ಒಳಗಿನ ಕೋಣೆಗೂ ಹೊರಗಿನ ಓಣಿಗೂ ನಡುವೆ ಒಂದು ಚಿಕ್ಕ ಕೋಣೆಯನ್ನಿಟ್ಟು, ಅದರ ಒತ್ತಡವನ್ನು ಎರಡೂ ಬದಿಗಿಂತ ಕಡಿಮೆ ಅಥವಾ ಎರಡೂ ಬದಿಗಿಂತ ಹೆಚ್ಚು ಇರಿಸುತ್ತಾರೆ. ಆಗ ಎರಡೂ ಕಡೆಯ ಗಾಳಿ ಪರಸ್ಪರ ಬೆರೆಯುವುದಿಲ್ಲ. ಇಲ್ಲಿ ಮೀಟರಿನ ಎರಡು ನಳಿಗೆಗಳು ಅದಲುಬದಲಾದರೂ ಸಾಕು, ಅನರ್ಥ.

ನಿಯಮಗಳೂ ಇದೇ ಕಾಲದಲ್ಲಿ ಬಿಗಿಯಾದವು. ನಮ್ಮ ಔಷಧ ಮತ್ತು ಪ್ರಸಾಧನ ಕಾಯ್ದೆ 1940ರದು, ಅದರ ನಿಯಮಾವಳಿ 1945ರದು. ಉತ್ತಮ ತಯಾರಿಕಾ ಪದ್ಧತಿಯ ನಿಯಮಗಳು 1988ರಲ್ಲಿ ಷೆಡ್ಯೂಲ್ ಎಂ ಆಗಿ ಬಂದವು. 2001ರ ಡಿಸೆಂಬರ್‌ನ ಪರಿಷ್ಕರಣೆಯಲ್ಲಿ ಕೋಣೆಗಳ ದರ್ಜೆ, 15 ಪ್ಯಾಸ್ಕಲ್, ಒತ್ತಡ ಮಾಪಕ ಅಳವಡಿಕೆ ಎಲ್ಲವೂ ಸ್ಪಷ್ಟವಾದವು. 2005ರ ಮಧ್ಯದ ಹೊತ್ತಿಗೆ ಹಳೆಯ ಕಾರ್ಖಾನೆಗಳೂ ಇದಕ್ಕೆ ಒಳಪಡಬೇಕಾಯಿತು. 2023ರ ಡಿಸೆಂಬರ್‌ನಲ್ಲಿ ಷೆಡ್ಯೂಲ್ ಎಂ ಮತ್ತೊಮ್ಮೆ ಪರಿಷ್ಕೃತವಾಯಿತು. ಕಾಲಾವಕಾಶ ಕೇಳಿದ ಸಣ್ಣ ಮತ್ತು ಮಧ್ಯಮ ಘಟಕಗಳಿಗೆ 2025ರ ಡಿಸೆಂಬರ್ 31ರವರೆಗೆ ಗಡುವು ಸಿಕ್ಕಿತು. ಯುರೋಪಿನಲ್ಲಿ 2023ರ ಆಗಸ್ಟ್‌ನಿಂದ ಜಾರಿಯಲ್ಲಿರುವ ನಿಯಮ ಕನಿಷ್ಠ 10 ಪ್ಯಾಸ್ಕಲ್ ಎನ್ನುತ್ತದೆ. ಸಂಖ್ಯೆ ಹತ್ತೋ ಹದಿನೈದೋ, ಅದನ್ನು ಸರಿಯಾಗಿ ಅಳೆಯುವ ಕಷ್ಟ ಒಂದೇ.

ಮೀಟರಿನೊಳಗೆ ಏನಿದೆ?

ಒಂದೂವರೆ ಮಿಲಿಮೀಟರ್ ನೀರನ್ನು ಬರಿಗಣ್ಣಿನಲ್ಲಿ ಅಳೆಯುವುದು ಹೇಗೆ? ಹಳಬರ ಉಪಾಯ ಓರೆ ನಳಿಗೆ. ನಳಿಗೆಯನ್ನು ಹತ್ತಕ್ಕೆ ಒಂದರಂತೆ ಓರೆಯಾಗಿಸಿದರೆ ಒಂದೂವರೆ ಮಿಲಿಮೀಟರ್ ಏರಿಕೆ ನಳಿಗೆಯುದ್ದಕ್ಕೂ 15 ಮಿಲಿಮೀಟರ್ ಓಟವಾಗಿ ಕಾಣುತ್ತದೆ. ನಂತರ ಮುಳ್ಳಿನ ಮೀಟರುಗಳು ಬಂದವು. ಇವುಗಳಲ್ಲಿ ಅಮೆರಿಕದ ಡ್ವಯರ್ ಸಂಸ್ಥೆಯ ಮ್ಯಾಗ್ನಹೆಲಿಕ್ ಎಷ್ಟು ಹೆಸರಾಯಿತೆಂದರೆ, ಕಾರ್ಖಾನೆಗಳಲ್ಲಿ ಇಂಥ ಮೀಟರಿಗೆಲ್ಲ ಅದೇ ಹೆಸರು ಹಿಡಿದುಬಿಟ್ಟಿದೆ. ಅದರೊಳಗೆ ಒಂದು ರಬ್ಬರ್ ಪೊರೆಯಿದೆ. ಪೊರೆಯ ಒಂದು ಬದಿಗೆ ಒಂದು ಕೋಣೆಯ ಗಾಳಿ, ಇನ್ನೊಂದು ಬದಿಗೆ ಮತ್ತೊಂದು ಕೋಣೆಯ ಗಾಳಿ. ವ್ಯತ್ಯಾಸಕ್ಕೆ ತಕ್ಕಂತೆ ಪೊರೆ ಬಾಗಿ, ಒಂದು ಪಟ್ಟಿ ಸ್ಪ್ರಿಂಗನ್ನೂ ಅದರ ತುದಿಯ ಅಯಸ್ಕಾಂತವನ್ನೂ ಸರಿಸುತ್ತದೆ. ಅಯಸ್ಕಾಂತ ಮುಟ್ಟದೆಯೇ ಒಂದು ಸುರುಳಿಯನ್ನು ತಿರುಗಿಸುತ್ತದೆ, ಸುರುಳಿಯ ಜೊತೆ ಮುಳ್ಳು ತಿರುಗುತ್ತದೆ. ಹಲ್ಲುಚಕ್ರವಿಲ್ಲ, ಸವೆತವೂ ಕಡಿಮೆ.

ಆದರೂ ಕಾಲ ಕಳೆದಂತೆ ರಬ್ಬರ್ ಬಿರುಸಾಗುತ್ತದೆ. ನಳಿಗೆಯಲ್ಲಿ ಧೂಳು ಅಥವಾ ನೀರಿನ ಹನಿ ನಿಲ್ಲುತ್ತದೆ, ಸೇರುವೆ ಸಡಿಲವಾಗುತ್ತದೆ. ನೆಟ್ಟಗೆ ನಿಲ್ಲಬೇಕಾದ ಮೀಟರನ್ನು ಸ್ವಲ್ಪ ಓರೆಯಾಗಿ ಕೂರಿಸಿದರೆ ಸೊನ್ನೆಯೇ ಜಾಗ ಬಿಡುತ್ತದೆ. ಈಗ ಬಳಕೆಯಲ್ಲಿರುವ ಎಲೆಕ್ಟ್ರಾನಿಕ್ ಉಪಕರಣಗಳು ಒತ್ತಡವನ್ನು 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಸಂಕೇತವಾಗಿಸಿ ಕಂಪ್ಯೂಟರಿಗೆ ಕಳುಹಿಸುತ್ತವೆ. ಅವುಗಳ ಸೊನ್ನೆಯೂ ನಿಧಾನವಾಗಿ ಜರುಗುತ್ತದೆ. ಗೋಡೆಯ ಮೇಲಿನ ಉಪಕರಣ ಸರಿಯಿದ್ದು ಕಂಪ್ಯೂಟರಿನಲ್ಲಿ ಅಳತೆಪಟ್ಟಿ ತಪ್ಪಾಗಿ ಹಾಕಿದ್ದರೂ ಪರದೆಯ ಮೇಲೆ ಬರುವುದು ಸುಳ್ಳೇ. ಆದ್ದರಿಂದ ಪರೀಕ್ಷೆ ಗೋಡೆಯಿಂದ ಪರದೆಯವರೆಗೂ ನಡೆಯಬೇಕು.

ಪರೀಕ್ಷೆಯ ದಿನ

ಕ್ಯಾಲಿಬ್ರೇಷನ್ ಎಂದರೆ ಮೀಟರನ್ನು ರಿಪೇರಿ ಮಾಡುವುದು ಎಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮೀಟರ್ ತೋರಿಸುವ ಅಂಕಿಯನ್ನು ನಿಜದ ಅಂಕಿಯೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಬರೆದಿಡುವುದಷ್ಟೇ ಕ್ಯಾಲಿಬ್ರೇಷನ್. ತಿದ್ದುವುದು ಅದರ ನಂತರದ ಬೇರೆ ಕೆಲಸ.

ಒಂದು ಉದಾಹರಣೆ ನೋಡೋಣ. ಸೊನ್ನೆಯಿಂದ 60 ಪ್ಯಾಸ್ಕಲ್‌ವರೆಗಿನ ಮೀಟರ್. ಪೂರ್ಣ ಅಳತೆಯ ಶೇಕಡಾ 4ರಷ್ಟು ದೋಷಕ್ಕೆ ಅವಕಾಶವಿದೆ ಎಂದಿಟ್ಟುಕೊಳ್ಳಿ. ಅಂದರೆ 2.4 ಪ್ಯಾಸ್ಕಲ್. ಹೋಲಿಸಲು ತರುವ ಮಾನಕ ಉಪಕರಣ ಇದಕ್ಕಿಂತ ನಾಲ್ಕು ಪಟ್ಟು ನಿಖರವಾಗಿರಬೇಕೆಂಬುದು ರೂಢಿ, ಅಂದರೆ ಅದರ ದೋಷ 0.6 ಪ್ಯಾಸ್ಕಲ್ ಮೀರಬಾರದು. ಮೊದಲು ಮೀಟರಿನ ಎರಡೂ ಬಾಯಿಗಳನ್ನು ಕೋಣೆಯ ಗಾಳಿಗೆ ಬಿಟ್ಟು ಮುಳ್ಳು ಸೊನ್ನೆಯಲ್ಲಿದೆಯೇ ನೋಡುತ್ತಾರೆ. ನಂತರ ಕವಲು ನಳಿಗೆಯಿಂದ ಮೀಟರಿಗೂ ಮಾನಕಕ್ಕೂ ಒಂದೇ ಒತ್ತಡ ಕೊಟ್ಟು 15, 30, 45, 60ರಲ್ಲಿ ನಿಲ್ಲಿಸಿ ಎರಡನ್ನೂ ಬರೆಯುತ್ತಾರೆ. ಮತ್ತೆ ಅದೇ ಮೆಟ್ಟಿಲುಗಳಲ್ಲಿ ಕೆಳಗಿಳಿಯುತ್ತಾರೆ. ಏರುವಾಗ ಒಂದು, ಇಳಿಯುವಾಗ ಇನ್ನೊಂದು ಅಂಕಿ ತೋರಿಸುವ ಚಾಳಿ ಮೀಟರುಗಳಿಗಿದೆ, ಅದೂ ದಾಖಲಾಗಬೇಕು.

ಈ ಕೆಲಸಕ್ಕೆ ತಾಳ್ಮೆ ಬೇಕು. ಮುಚ್ಚಿದ ನಳಿಗೆಯೊಳಗಿನ ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬೆಚ್ಚಗಾದರೆ ಒತ್ತಡ ಸುಮಾರು 300 ಪ್ಯಾಸ್ಕಲ್ ಏರುತ್ತದೆ. 15 ಪ್ಯಾಸ್ಕಲ್ ಏರಲು ಡಿಗ್ರಿಯ ಇಪ್ಪತ್ತನೇ ಒಂದು ಭಾಗ ಸಾಕು. ಅಂದರೆ ಕೈಯಲ್ಲಿ ನಳಿಗೆ ಹಿಡಿದು ನಿಂತರೆ ಅಂಗೈಯ ಶಾಖವೇ ಅಳತೆಯನ್ನು ಕೆಡಿಸುತ್ತದೆ. ಫ್ಯಾನಿನ ಗಾಳಿ, ಯಾರೋ ಬಾಗಿಲು ಬಡಿದದ್ದು, ಎಲ್ಲವೂ ಮುಳ್ಳಿನಲ್ಲಿ ಕಾಣಿಸುತ್ತದೆ. ಮುಳ್ಳು ನಿಲ್ಲುವವರೆಗೆ ಕಾಯಲೇಬೇಕು.

ಈಗ ಮಾನಕ 15 ತೋರಿಸಿದಾಗ ನಮ್ಮ ಮೀಟರ್ 18 ತೋರಿಸಿತು ಎಂದುಕೊಳ್ಳಿ. ದೋಷ 3 ಪ್ಯಾಸ್ಕಲ್, ಮಿತಿ ಮೀರಿದೆ. ಇದರ ಅರ್ಥವೇನು? ಇಷ್ಟು ದಿನ ಮೀಟರ್ 15 ತೋರಿಸಿದಾಗಲೆಲ್ಲ ನಿಜವಾದ ವ್ಯತ್ಯಾಸ 12ರ ಆಸುಪಾಸಿನಲ್ಲಿತ್ತು. ರಿಜಿಸ್ಟರಿನಲ್ಲಿ ಎಲ್ಲವೂ ಸರಿ, ಕೋಣೆಯಲ್ಲಿ ಸರಿಯಿಲ್ಲ. ಇಲ್ಲಿಯೇ ಈ ವೃತ್ತಿಯ ನಿಜವಾದ ಪರೀಕ್ಷೆ. ತಿರುಪು ತಿರುಗಿಸಿ ಮುಳ್ಳನ್ನು ಸರಿಮಾಡಿ "ಸರಿಯಿದೆ" ಎಂದು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಿಯಮ ಹೇಳುವುದು ಬೇರೆ. ತಿದ್ದುವ ಮೊದಲು ಕಂಡದ್ದನ್ನು ಕಂಡಂತೆ ಬರೆಯಬೇಕು. ತಿದ್ದಿದ ಮೇಲೆ ಮತ್ತೊಮ್ಮೆ ಅಳೆದು ಬರೆಯಬೇಕು. ಹಿಂದಿನ ಪರೀಕ್ಷೆಯಿಂದ ಇಂದಿನವರೆಗೆ ಆ ಕೋಣೆಯಲ್ಲಿ ತಯಾರಾದ ಪ್ರತಿಯೊಂದು ತಂಡದ ಔಷಧದ ದಾಖಲೆಯನ್ನೂ ಗುಣಮಟ್ಟ ವಿಭಾಗ ಮತ್ತೆ ತೆರೆದು ನೋಡಬೇಕು. ಕಾರ್ಖಾನೆಗೆ ಇದು ನಷ್ಟದ ಕೆಲಸ, ಬರೆದವನಿಗೆ ಇದು ಮೆಚ್ಚುಗೆ ತರುವ ಕೆಲಸವೂ ಅಲ್ಲ. ಆದರೆ ಕಂಡದ್ದನ್ನು ಬರೆಯದಿದ್ದರೆ ಬಾಟಲಿಯ ಮೇಲಿನ "ಸ್ಟೆರೈಲ್" ಎಂಬ ಪದಕ್ಕೆ ಅರ್ಥ ಉಳಿಯುವುದಿಲ್ಲ.

ನಂಬಿಕೆಯ ಸರಪಳಿ

ಸರಿ, ಮೀಟರನ್ನು ಮಾನಕ ಅಳೆಯಿತು. ಆ ಮಾನಕವನ್ನು ಅಳೆದವರಾರು? ಅದನ್ನು ಮಾನ್ಯತೆ ಪಡೆದ ಪ್ರಯೋಗಾಲಯ ಅಳೆದಿರುತ್ತದೆ. ಆ ಪ್ರಯೋಗಾಲಯದ ಮಾನಕವನ್ನು ಇನ್ನೂ ಮೇಲಿನವರು. ಹೀಗೆ ಏರುತ್ತಾ ಹೋದರೆ ಸರಪಳಿ ಮುಟ್ಟುವುದು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು. 1947ರ ಜನವರಿ 4ರಂದು ಜವಾಹರಲಾಲ್ ನೆಹರೂ ಅವರು ಅದರ ಶಂಕುಸ್ಥಾಪನೆ ಮಾಡಿದರು, 1950ರ ಜನವರಿ 21ರಂದು ಸರ್ದಾರ್ ಪಟೇಲರು ಉದ್ಘಾಟಿಸಿದರು. ದೇಶ ಗಣರಾಜ್ಯವಾಗುವ ಐದು ದಿನ ಮೊದಲೇ ಅಳತೆಯ ಮನೆ ತೆರೆದಿತ್ತು. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಲ್ ಇದೆ, ಅದು ನೋಡುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ/ಐಇಸಿ 17025 ಮೊದಲು ಬಂದದ್ದು 1999ರಲ್ಲಿ. ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ರೀಜನಲ್ ರೆಫರೆನ್ಸ್ ಸ್ಟ್ಯಾಂಡರ್ಡ್ ಲ್ಯಾಬೊರೇಟರಿ ಇದೆ, ಪೀಣ್ಯದಲ್ಲಿ ಇಟಿಡಿಸಿ ಇದೆ.

ಈ ಸರಪಳಿಯ ಒಂದು ಕೊಂಡಿ ಸುಳ್ಳಾದರೂ ಕೆಳಗಿನದೆಲ್ಲ ಸುಳ್ಳು. ಮೇಲಿನ ಕೊಂಡಿಗಳಲ್ಲಿ ದೊಡ್ಡ ವಿಜ್ಞಾನಿಗಳಿದ್ದಾರೆ. ಕೊನೆಯ ಕೊಂಡಿಯಲ್ಲಿ, ಕಾರ್ಖಾನೆಯ ಓಣಿಯಲ್ಲಿ, ಕೈಯಲ್ಲಿ ಪಂಪು ಹಿಡಿದು ನಿಲ್ಲುವವರು ಬಹಳ ಸಲ ಐಟಿಐ, ಡಿಪ್ಲೊಮಾ, ಬಿ.ಎಸ್ಸಿ. ಅಥವಾ ಫಾರ್ಮಸಿ ಓದಿದ ಇಪ್ಪತ್ತೆರಡು-ಇಪ್ಪತ್ಮೂರು ವರ್ಷದ ಹುಡುಗ ಹುಡುಗಿಯರು.

ವಿದ್ಯಾರ್ಥಿ ಮಿತ್ರರೇ, ಈ ಮಾತು ವಿಶೇಷವಾಗಿ ನಿಮಗೆ. ಔಷಧ ಕ್ಷೇತ್ರವೆಂದರೆ ಡಾಕ್ಟರ್ ಅಥವಾ ಮೆಡಿಕಲ್ ಶಾಪು ಎಂದಷ್ಟೇ ತಿಳಿಯಬೇಡಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ನಂಜನಗೂಡುಗಳ ಕಾರ್ಖಾನೆಗಳಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೈಗಳು ಬೇಕಾಗಿವೆ. ಅದಕ್ಕೆ ಬೇಕಾದ ಓದು ನಿಮ್ಮ ಶಾಲೆಯ ವಿಜ್ಞಾನ ಪುಸ್ತಕದ ಒತ್ತಡದ ಪಾಠದಿಂದಲೇ ಶುರುವಾಗುತ್ತದೆ: ಶೇಕಡಾವಾರು ಲೆಕ್ಕ ತಪ್ಪಿಲ್ಲದೆ ಬರಬೇಕು, ದಶಮಾಂಶದ ಚುಕ್ಕಿ ಎಲ್ಲಿಡಬೇಕೆಂದು ಗೊತ್ತಿರಬೇಕು, ಪ್ರಯೋಗದ ಪುಸ್ತಕದಲ್ಲಿ ಕಂಡ ಅಂಕಿಯನ್ನೇ ಬರೆಯುವ ಅಭ್ಯಾಸವಿರಬೇಕು. ಪ್ರಯೋಗಾಲಯದಲ್ಲಿ ಉತ್ತರ ಮೊದಲೇ ಗೊತ್ತಿದ್ದು, ಅದಕ್ಕೆ ಹೊಂದುವಂತೆ ಅಂಕಿ ಬರೆಯುವ ಚಟ ನಮ್ಮ ಕಾಲೇಜುಗಳಲ್ಲಿ ಸಾಮಾನ್ಯ. ಪರೀಕ್ಷೆಯಲ್ಲಿ ಅದು ಒಂದೆರಡು ಅಂಕದ ವಿಷಯ. ಕಾರ್ಖಾನೆಯ ಓಣಿಯಲ್ಲಿ ಅದೇ ಚಟ ಬಳ್ಳಾರಿಯಲ್ಲೋ ಬಿಳಿಚೋಡಿನಲ್ಲೋ ಮಂಚದ ಮೇಲೆ ಮಲಗಿರುವ ಯಾರದೋ ತಾಯಿಯ ವಿಷಯ.

ಆ ತಾಯಿ ಬಾಟಲಿಯನ್ನು ಪರೀಕ್ಷಿಸಲಾರಳು. ಡಾಕ್ಟರೂ ಪರೀಕ್ಷಿಸಲಾರರು, ದ್ರಾವಣ ತಿಳಿನೀರಿನಂತೆಯೇ ಕಾಣುತ್ತದೆ. ಅವರಿಬ್ಬರ ಪರವಾಗಿ ಪರೀಕ್ಷಿಸುವ ಅವಕಾಶ ಸಿಕ್ಕಿರುವುದು ಮೀಟರಿನ ಮುಂದೆ ನಿಂತಿರುವ ಆ ಹುಡುಗನಿಗೋ ಹುಡುಗಿಗೋ ಮಾತ್ರ. ಮುಳ್ಳು ಹದಿನೆಂಟು ತೋರಿಸಿದರೆ ಹದಿನೆಂಟು ಎಂದೇ ಬರೆಯಿರಿ.